ಇಲ್ಲದ ಹೆಂಗಸರೂ, ಮೂರು ಬಹುಮಾನವೂ

ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹಾಕಿ ಕಲಾಪ್ರದರ್ಶನ ಅಂತಾರೆ. ಜರಡಿ ಹಿಡಿಯುವವರೇ ಇಲ್ಲ. ಇದೂ ಒಂದು ಪ್ರದರ್ಶನವೇ?
– ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಧಾರವಾಡ

ಉತ್ತರ: ಮೇಷ್ಟ್ರೇ, ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಮೇಲೂ ಬರೆದಿದ್ದೀರಿ. ಅಷ್ಟು ಸಿಟ್ಟು! ಎಣ್ಣೆಬಣ್ಣದ ಚಿತ್ರದ ಮುಂದೆ ನಿಂತು ನೋಡುವ ಸುಖವೇ ಬೇರೆ, ಒಪ್ಪಿದೆ. ಆದರೆ ನಾನು ಹೇಳುವುದು ಚಿತ್ರದ ಫೋಟೋ ಹಾಕುವ ಮಾತಲ್ಲ. ಇಂಟರ್ನೆಟ್ಟಿಗೆಂದೇ ಹುಟ್ಟಿದ ಕಲೆಯ ಮಾತು.

ಜರಡಿ ಅಂದಿರಲ್ಲ, ಅದರ ಕತೆಯನ್ನೇ ಕೇಳಿ. 1997ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಮ್ಯೂಸಿಯಂ ಒಂದು ಇಂಟರ್ನೆಟ್ ಕಲೆಗೆ ಸ್ಪರ್ಧೆ ಇಟ್ಟಿತು. ಕೊರ್ನೇಲಿಯಾ ಸೊಲ್‌ಫ್ರಾಂಕ್ ಎಂಬ ಕಲಾವಿದೆ ಇನ್ನೂರಕ್ಕೂ ಹೆಚ್ಚು ಕಲಾವಿದೆಯರನ್ನು ಕೂತಲ್ಲೇ ಹುಟ್ಟಿಸಿದರು. ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಇಮೇಲ್. ಅವರ ಕೃತಿಗಳನ್ನು ಮಾಡಿದ್ದು ಒಂದು ಪ್ರೋಗ್ರಾಂ. ಅಲ್ಲಿ ಇಲ್ಲಿ ವೆಬ್ ಪುಟಗಳ ತುಣುಕು ಹೆಕ್ಕಿ, ಚಿತ್ರಾನ್ನದ ಹಾಗೆ ಕಲಸಿ ಕೊಡುತ್ತಿತ್ತು. ಅರ್ಜಿ ಹಾಕಿದವರಲ್ಲಿ ಮೂರನೇ ಎರಡರಷ್ಟು ಹೆಂಗಸರು ಅಂತ ಮ್ಯೂಸಿಯಂ ಬೀಗಿತು. ಬಹುಮಾನ? ಮೂರೂ ಗಂಡಸರಿಗೆ! ಆಮೇಲೆ ಸೊಲ್‌ಫ್ರಾಂಕ್ ಗುಟ್ಟು ಬಿಚ್ಚಿದರು. ಆ ಇಡೀ ಆಟವೇ ಅವರ ಕೃತಿ, ಹೆಸರು 'ಫೀಮೇಲ್ ಎಕ್ಸ್‌ಟೆನ್ಶನ್'. ಜರಡಿಯ ತೂತನ್ನು ಇಷ್ಟು ಚೆನ್ನಾಗಿ ತೋರಿಸಿದ ಎಣ್ಣೆಬಣ್ಣದ ಚಿತ್ರ ನಾನಂತೂ ನೋಡಿಲ್ಲ.

ಅದೇ ವರ್ಷ ಜರ್ಮನಿಯದೇ ಕಾಸೆಲ್ ಊರಿನ ಡಾಕ್ಯುಮೆಂಟಾ, ಅಷ್ಟು ದೊಡ್ಡ ಕಲಾಪ್ರದರ್ಶನ, ಈ ಕಲೆಗೂ ಒಂದು ಕೋಣೆ ಕೊಟ್ಟಿತು. ಆಫೀಸಿನಂಥ ಕೋಣೆ, ಕಂಪ್ಯೂಟರುಗಳು, ನೆಟ್ ಕನೆಕ್ಷನ್ ಮಾತ್ರ ಇಲ್ಲ. ಮೀನನ್ನು ತಟ್ಟೆಗೆ ಹಾಕಿ ಈಜೋದು ನೋಡಿ ಅಂದ ಹಾಗೆ, ಅಲ್ವಾ? ಪ್ರದರ್ಶನ ಮುಗಿದ ಮೇಲೆ ವೆಬ್‌ಸೈಟನ್ನೂ ತೆಗೆಯುತ್ತೇವೆ ಅಂದರು. ಸ್ಲೊವೇನಿಯಾದ ಕಲಾವಿದ ವುಕ್ ಚೋಸಿಚ್ ಇಡೀ ಸೈಟನ್ನು ನಕಲು ಮಾಡಿ ತನ್ನ ಕೃತಿ ಅಂತ ಇಟ್ಟುಬಿಟ್ಟ. ಕಳ್ಳತನ ಅನ್ನಿ ಬೇಕಾದರೆ. ಉಳಿಸುವ ಬುದ್ಧಿ ಬಂದದ್ದು ಕಳ್ಳನಿಗೇ.

ನಾನೊಮ್ಮೆ ಮಳೆಯಲ್ಲಿ ನೆಂದುಕೊಂಡು ಬೆಂಗಳೂರಿನ ಒಂದು ಗ್ಯಾಲರಿಗೆ ಹೋಗಿದ್ದೆ. ಬಾಗಿಲಲ್ಲಿದ್ದವರು ಮೊದಲು ನೋಡಿದ್ದು ನನ್ನ ಚಪ್ಪಲಿ. ಆಮೇಲೆ, "ಯಾರನ್ನು ನೋಡಬೇಕು?" ಚಿತ್ರ ನೋಡಬೇಕು ಅಂದೆ. ಜರಡಿ ಎಲ್ಲೆಲ್ಲಿ ಇರುತ್ತೆ ನೋಡಿ.

ಹಾಗಂತ ಇಂಟರ್ನೆಟ್ಟಿನವರು ಸಾಚಾ ಅಂತಲ್ಲ. ಇಟ್ಟದ್ದನ್ನು ಕಾಪಾಡುವ ಅಭ್ಯಾಸ ನಮಗ್ಯಾರಿಗೂ ಇಲ್ಲ. ಈ ಪತ್ರಿಕೆಯ ಹಳೇ ವೆಬ್‌ಸೈಟಿಗೆ ವರ್ಷದ ದುಡ್ಡು ಕಟ್ಟಲು ಮರೆತವನು ನಾನೇ. ಆರು ವರ್ಷದ ಸಂಚಿಕೆಗಳು ಹೋದವು. ಈಗ ಆ ವಿಳಾಸ ಒತ್ತಿದರೆ ರಮ್ಮಿ ಆಟದ ಜಾಹೀರಾತು ಬರುತ್ತದೆ. ಪೆನ್ಸಿಲ್ ಹಿಡಿಯುವುದರ ಬಗ್ಗೆ ನೀವು ಬರೆದಿದ್ದ ಲೇಖನವೂ ಅದರಲ್ಲೇ ಇತ್ತು, ಮೇಷ್ಟ್ರೇ. ಕೈಬರಹದ ಪ್ರತಿ ಇದ್ದರೆ ಕಳಿಸಿ.