ಕೌನ್ಸೆಲಿಂಗ್ ಅಥವಾ ಆಧ್ಯಾತ್ಮಿಕ ಮಾರ್ಗದರ್ಶನ: ಮೊದಲ ಭೇಟಿಯಲ್ಲಿ ಏನಾಗುತ್ತದೆ, ಹೇಗೆ ತಯಾರಾಗಬೇಕು?

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಕೊನೆಯಲ್ಲಿ ಆವರಣದೊಳಗೆ ಸೇರಿಸಿರುವ ಅರ್ಧ ಸಾಲಿನ ಮೇಲೆ: "ನಿದ್ದೆಯೂ ಅಷ್ಟಕ್ಕಷ್ಟೆ". ಪ್ರಾರ್ಥನೆ ಒಣಗಿದೆ, ನಿಮ್ಮ ಚರ್ಚಿನ ಧರ್ಮಕೇಂದ್ರದ ಗುರುಗಳು ಆಧ್ಯಾತ್ಮಿಕ ಮಾರ್ಗದರ್ಶಕರನ್ನು ಕಾಣಿರಿ ಎನ್ನುತ್ತಾರೆ, ಅಕ್ಕ ಕೌನ್ಸೆಲರ್ ಬಳಿಗೆ ಹೋಗು ಎನ್ನುತ್ತಾಳೆ, ಎರಡರಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ನಾನೂ ಹೀಗೆಯೇ ಕೇಳಿಕೊಂಡು ಒಂದನ್ನು ಆರಿಸಿಕೊಂಡೆ. ಆರಿಸಿದ್ದು ತಪ್ಪಾಗಿರಲಿಲ್ಲ. ಆರಿಸಿದವರ ಮುಂದೆ ಕುಳಿತು ನಾನು ಆಡಿದ ಮಾತಿನಲ್ಲಿ ತಪ್ಪಿತ್ತು, ಆ ತಪ್ಪು ನನ್ನ ನೌಕರಿಯನ್ನು ತೆಗೆದುಕೊಂಡು ಹೋಯಿತು.

ನಾನು ಮೈಸೂರಿನ ಕಡೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಹುದ್ದೆ ಕಾಯಂ ಆಗಿತ್ತು. ಈಸ್ಟರ್‌ಗೆ ಮುಂಚಿನ ಒಂದು ತಪಸ್ಸುಕಾಲದಲ್ಲಿ ಜಪಸರ ಕೈಯಲ್ಲಿದ್ದರೂ ಬಾಯಿಂದ ಮಾತು ಹೊರಡದ ಸ್ಥಿತಿ ಬಂತು. ಮನೆಯಲ್ಲಿ ಸಾವಾಗಿರಲಿಲ್ಲ, ಸಾಲವಿರಲಿಲ್ಲ, ಜಗಳವೂ ಇರಲಿಲ್ಲ. ಕಾರಣವಿಲ್ಲದ ದುಃಖಕ್ಕೆ ದೇವರೇ ಕಾರಣವಿರಬೇಕೆಂದು ನಾನು ತೀರ್ಮಾನಿಸಿದೆ. ಮಂಗಳವಾರಗಳಂದು ದೋರನಹಳ್ಳಿಗೆ ಹೋಗಿ ಸಂತ ಅಂತೋಣಿಯವರಿಗೆ ಮೇಣದ ಬತ್ತಿ ಹಚ್ಚಿ ಬಂದೆ. ಆಮೇಲೆ ಧ್ಯಾನಕೂಟದಲ್ಲಿ ಪರಿಚಯವಾದವರೊಬ್ಬರು, ಮಾರ್ಗದರ್ಶನ ನೀಡುವುದರಲ್ಲಿ ತರಬೇತಿ ಪಡೆದ ಒಬ್ಬ ಸಿಸ್ಟರ್ ಇದ್ದಾರೆ ಎಂದು ಹೇಳಿದರು.

ಮೊದಲ ಭೇಟಿಯ ಬಗ್ಗೆ ನಿಮಗೆ ಇರುವ ಭಯ ನನಗೂ ಇತ್ತು. ಕಾನ್ವೆಂಟಿನ ಪಕ್ಕದ ಪುಟ್ಟ ಕೋಣೆ. ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕದೆ ಸ್ವಲ್ಪ ಓರೆಯಾಗಿ ಹಾಕಿದ್ದರು, ನೋಡಬೇಕೆನಿಸಿದರೆ ನೋಡಬಹುದು, ಬೇಡವೆನಿಸಿದರೆ ಕಿಟಕಿಯ ಕಡೆ ಕಣ್ಣು ಹಾಯಿಸಬಹುದು. ಸಿಸ್ಟರ್ ಬತ್ತಿ ಹಚ್ಚಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನು ಹುಡುಕಿಕೊಂಡು ಬಂದಿರಿ, ಮೇಷ್ಟ್ರೇ?" ಎಂದರು. ಯೊವಾನ್ನನ ಶುಭಸಂದೇಶದಲ್ಲಿ ಯೇಸು ಆಡುವ ಮೊದಲ ಮಾತೂ ಇಂಥದೇ ಪ್ರಶ್ನೆಯೆಂಬುದು ನನಗೆ ಆಗ ಹೊಳೆಯಲಿಲ್ಲ. ಅವರು ಬುದ್ಧಿ ಹೇಳಲಿಲ್ಲ, ಪ್ರಾಯಶ್ಚಿತ್ತ ವಿಧಿಸಲಿಲ್ಲ, ನನ್ನ ಪಾಪಗಳ ಪಟ್ಟಿಯನ್ನೂ ಕೇಳಲಿಲ್ಲ. ಅದು ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಯಲ್ಲ; ಸಿಸ್ಟರ್‌ಗಳು ಮತ್ತು ಸಾಮಾನ್ಯ ವಿಶ್ವಾಸಿಗಳೂ ಈ ಕೆಲಸ ಮಾಡುತ್ತಾರೆ, ಅವರು ಪಾಪಕ್ಷಮೆ ನೀಡುವಂತಿಲ್ಲ. ಸುಮಾರು ಒಂದು ಗಂಟೆ, ತಿಂಗಳಿಗೊಮ್ಮೆ, ಶುಲ್ಕವೆಂದು ಏನೂ ಇಲ್ಲ, ಕಾಣಿಕೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಗಂಟೆಯಲ್ಲಿ ಮುಕ್ಕಾಲು ಪಾಲು ನೀವೇ ಮಾತನಾಡುತ್ತೀರಿ. "ಮುಂದೇನು ಮಾಡಬೇಕೆಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ಸಾಕು" ಎಂದು ನೀವು ಬರೆದಿದ್ದೀರಿ. ಹಾಗೆ ಹೇಳುವವರು ಸಿಕ್ಕರೆ ಎದ್ದು ಬನ್ನಿ. ದೇವರು ಮತ್ತು ಆತ್ಮದ ನಡುವಿನ ವ್ಯವಹಾರದಲ್ಲಿ ಮಾರ್ಗದರ್ಶಕರು ತಕ್ಕಡಿಯ ಮುಳ್ಳಿನಂತೆ ಮಧ್ಯದಲ್ಲಿ ನಿಲ್ಲಬೇಕು, ಯಾವ ಕಡೆಗೂ ಒತ್ತಬಾರದು ಎಂದು ಯೇಸುಸಭೆಯನ್ನು ಸ್ಥಾಪಿಸಿದ ಸಂತ ಲೊಯೋಲಾದ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಕಟ್ಟುನಿಟ್ಟಾಗಿ ಬರೆದಿಟ್ಟಿದ್ದಾರೆ.

ಇಗ್ನೇಷಿಯಸರು 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದವರು. ಹಾಸಿಗೆಯಲ್ಲಿ ಬಿದ್ದುಕೊಂಡು, ಯಾವ ಆಲೋಚನೆ ಮುಗಿದ ಮೇಲೂ ಮನಸ್ಸಿನಲ್ಲಿ ನೆಮ್ಮದಿ ಉಳಿಯುತ್ತದೆ, ಯಾವುದು ಮುಗಿದೊಡನೆ ಬರಿದುಮಾಡುತ್ತದೆ ಎಂದು ಗಮನಿಸುತ್ತಾ ಹೋದರು. ಈ ಪರಂಪರೆಯ ಮಾರ್ಗದರ್ಶಕರು ನಿಮ್ಮಿಂದಲೂ ಇದನ್ನೇ ಕೇಳುತ್ತಾರೆ. ಈ ತಿಂಗಳು ಯಾವಾಗ ಹಗುರವಾಯಿತು, ಯಾವಾಗ ಭಾರವಾಯಿತು, ಆಗ ದೇವರಿಗೆ ಏನು ಹೇಳಿದಿರಿ? ಭೇಟಿಗೆ ತಯಾರಿಯೆಂದರೆ ಹಿಂದಿನ ಒಂದು ವಾರವನ್ನು ಹೀಗೆ ನೋಡಿಕೊಂಡು ಹೋಗುವುದು, ಅಷ್ಟೇ.

ನನ್ನ ತಯಾರಿ ಬೇರೆಯೇ ಇತ್ತು. ನಾನು ಸ್ಪೇನಿನ ಅನುಭಾವಿ ಶಿಲುಬೆಯ ಸಂತ ಯೊವಾನ್ನರನ್ನು ಅರ್ಧಂಬರ್ಧ ಓದಿಕೊಂಡಿದ್ದೆ. ಪ್ರಾರ್ಥನೆ ಒಣಗಿ ದೇವರು ದೂರವಾದಂತೆನಿಸುವ ಘಟ್ಟವನ್ನು ಹೇಳುವ ಆತ್ಮದ ಕತ್ತಲ ರಾತ್ರಿ ಎಂಬ ಮಾತು ನನಗೆ ಬಹಳ ಹಿಡಿಸಿತ್ತು. ಪಾಠ ಹೇಳಿ ಅಭ್ಯಾಸವಾದ ನಾಲಿಗೆ. ಸಿಸ್ಟರ್ ಮುಂದೆ ನನ್ನ ಶೂನ್ಯವನ್ನು, ದೇವರ ಮೌನವನ್ನು, ಬಾಯಾರಿದ ಜಿಂಕೆಯ ಕೀರ್ತನೆಯನ್ನು ಸೊಗಸಾದ ವಾಕ್ಯಗಳಲ್ಲಿ ಹರವಿದೆ. ಅವರು ಗಮನವಿಟ್ಟು ಕೇಳಿ, ಎರಡನೆಯದೋ ಮೂರನೆಯದೋ ಭೇಟಿಯಲ್ಲಿ ನಡುವೆ ತಡೆದು, "ರಾತ್ರಿ ನಿದ್ದೆ ಹೇಗೆ ಬರುತ್ತಿದೆ, ಮೇಷ್ಟ್ರೇ?" ಎಂದು ಕೇಳಿದರು.

"ಪರವಾಗಿಲ್ಲ, ಸಿಸ್ಟರ್" ಎಂದೆ.

ಈ ಉತ್ತರವನ್ನು ನಾನು ಅಂದಿನಿಂದ ಎಷ್ಟು ಸಲ ತಿರುವಿಹಾಕಿದ್ದೇನೋ. ಆ ದಿನಗಳಲ್ಲಿ ನಸುಕಿನ ಮೂರರ ಹೊತ್ತಿಗೆ ಎಚ್ಚರವಾದರೆ ಬೆಳಗಾಗುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ; ಅನ್ನ ಸೇರದೆ ಬೆಲ್ಟಿಗೆ ಹೊಸ ತೂತು ಹಾಕಿಸಿದ್ದೆ; ಉತ್ತರಪತ್ರಿಕೆ ತಿದ್ದಲು ಕುಳಿತರೆ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ. ಅದನ್ನೇಕೆ ಹೇಳಲಿಲ್ಲ? ಆ ಕೋಣೆಯಲ್ಲಿ ಹೊಟ್ಟೆ, ನಿದ್ದೆಗಳ ಮಾತೆತ್ತುವುದು ಬತ್ತಿಯ ಮುಂದೆ ಔಚಿತ್ಯವಲ್ಲವೆನಿಸಿತು. ಹೇಳಿದರೆ ಆಸ್ಪತ್ರೆಗೆ ಕಳುಹಿಸುತ್ತಾರೆಂಬ ಭಯವಿತ್ತು. ತಲೆಗೆ ಮಾತ್ರೆ ತೆಗೆದುಕೊಳ್ಳುವ ಮೇಷ್ಟ್ರ ಕೈಗೆ ಯಾವ ತಂದೆತಾಯಿ ಮಕ್ಕಳನ್ನು ಒಪ್ಪಿಸುತ್ತಾರೆಂಬ ಲೆಕ್ಕಾಚಾರವೂ ಇತ್ತು. ಇವೆಲ್ಲಕ್ಕಿಂತ ದೊಡ್ಡ ಕಾರಣವೊಂದನ್ನು ಒಪ್ಪಿಕೊಳ್ಳಲು ಬಹಳ ಕಾಲ ಬೇಕಾಯಿತು: ಸಂತರ ಹೆಸರಿನ ನನ್ನ ಕತ್ತಲೆಯನ್ನು ಯಾವುದೋ ಕಾಯಿಲೆಯ ಹೆಸರಿಗೆ ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. ಸಂತ ಯೊವಾನ್ನರನ್ನೇ ಪೂರ್ತಿ ಓದಿದ್ದರೆ ಈ ಜಂಬಕ್ಕೆ ಜಾಗವಿರುತ್ತಿರಲಿಲ್ಲ. ಪ್ರಾರ್ಥನೆಯ ಶುಷ್ಕತೆ ದೇವರಿಂದಲೇ ಬಂದದ್ದೋ, ದೇಹದ ಅಸ್ವಸ್ಥತೆಯಿಂದಲೋ ಆ ಕಾಲದವರು ವಿಷಾದರೋಗವೆಂದು ತಿಳಿದಿದ್ದ ವಿಕಾರದಿಂದಲೋ ಬಂದದ್ದೋ ಎಂದು ಮೊದಲು ಪರೀಕ್ಷಿಸಬೇಕೆಂದು ಅವರು ಹೇಳಿ, ಅದಕ್ಕೆ ಮೂರು ಲಕ್ಷಣಗಳನ್ನೂ ಕೊಟ್ಟಿದ್ದಾರೆ. 1591ರಲ್ಲಿ ತೀರಿಕೊಂಡ ಸಂತರಿಗೆ ತಿಳಿದಿದ್ದ ವಿವೇಕ ನನಗೆ ಇರಲಿಲ್ಲ.

ಮಾರ್ಗದರ್ಶಕರು ಎಷ್ಟೇ ಅನುಭವಿಗಳಾಗಿದ್ದರೂ ನೀವು ಮೇಜಿನ ಮೇಲೆ ಇಟ್ಟದ್ದನ್ನು ಮಾತ್ರ ನೋಡಬಲ್ಲರು. ಮನಸ್ಸು ಕುಗ್ಗಿರುವ ಕಾಲದಲ್ಲಿ ಹಿಂದೆ ಮಾಡಿದ ನಿರ್ಧಾರಗಳನ್ನು ಬದಲಿಸಬಾರದೆಂಬ ಇಗ್ನೇಷಿಯಸರ ನಿಯಮವನ್ನು ಸಿಸ್ಟರ್ ನನಗೆ ಮೊದಲೇ ತಿಳಿಸಿದ್ದರು. ನಾನು ತಲೆಯಾಡಿಸಿ ಮನೆಗೆ ಬಂದೆ. ಒಂದು ನಸುಕಿನಲ್ಲಿ, ದೇವರು ನನ್ನನ್ನು ಎಲ್ಲವನ್ನೂ ಬಿಟ್ಟು ಬರಲು ಕರೆಯುತ್ತಿದ್ದಾನೆಂದು ಖಚಿತವೆನಿಸಿ, ಒಂದು ಕಾಗುಣಿತವೂ ತಪ್ಪದ ರಾಜೀನಾಮೆ ಪತ್ರ ಬರೆದು, ಸಿಸ್ಟರ್‌ಗಾಗಲಿ ಹೆಂಡತಿಗಾಗಲಿ ಹೇಳದೆ ಕೊಟ್ಟುಬಿಟ್ಟೆ. ಆಡಳಿತ ಮಂಡಳಿ ಅದನ್ನು ಅಂಗೀಕರಿಸಿತು; ಅವರದೇನೂ ತಪ್ಪಿಲ್ಲ. ಈಗ ಅದಕ್ಕಿಂತ ಬಹಳ ಕಡಿಮೆ ಸಂಬಳಕ್ಕೆ ಖಾಸಗಿ ಶಾಲೆಯಲ್ಲಿ ಅದೇ ವ್ಯಾಕರಣ ಹೇಳಿಕೊಡುತ್ತಿದ್ದೇನೆ. ಕರೆ ಬಂದದ್ದು ದೇವರಿಂದಲೋ ನಿದ್ದೆಗೆಟ್ಟ ತಲೆಯಿಂದಲೋ ಎಂದು ಯಾರಾದರೂ ಕೇಳಬಹುದಾಗಿತ್ತು, ನಿದ್ದೆಗೆಟ್ಟ ವಿಷಯ ಯಾರಿಗಾದರೂ ತಿಳಿದಿದ್ದರೆ.

ರಾಜೀನಾಮೆಯ ಸುದ್ದಿ ಕೇಳಿದ ಮರುದಿನವೇ ನನ್ನಾಕೆ ನನ್ನನ್ನು ಊರಿನವರು ದೊಡ್ಡಾಸ್ಪತ್ರೆ ಎನ್ನುವ ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮನೋವೈದ್ಯರ ವಿಭಾಗದಲ್ಲಿ ಚೀಟಿ ಮಾಡಿಸಿ ಕುಳಿತಾಗ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳು. ಪ್ರತಿಯೊಂದಕ್ಕೂ ಇಲ್ಲವೇ ಇಲ್ಲ ಎನ್ನುವುದರಿಂದ ಹೆಚ್ಚುಕಡಿಮೆ ಪ್ರತಿದಿನ ಎನ್ನುವವರೆಗೆ ನಾಲ್ಕು ಉತ್ತರಗಳು, ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಖಿನ್ನತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಅದು. ಅದರಲ್ಲಿ ಮೂರನೆಯ ಪ್ರಶ್ನೆಯೇ ನಿದ್ದೆಯದು. ಸಿಸ್ಟರ್‌ಗೆ ಹೇಳದೆ ಉಳಿಸಿಕೊಂಡಿದ್ದನ್ನು ಪೆನ್ನಿನಲ್ಲಿ ಗುರುತು ಹಾಕಿ ತೋರಿಸಲು ನಿಮಿಷವೂ ಬೇಕಾಗಲಿಲ್ಲ. ಒಂಬತ್ತನೆಯದು, ಸತ್ತರೆ ಒಳ್ಳೆಯದು ಎನಿಸುತ್ತಿದೆಯೇ ಎಂಬ ಪ್ರಶ್ನೆ. ಅಲ್ಲಿ ಪೆನ್ನು ನಿಂತಿತು. ನನ್ನಾಕೆ ಪಕ್ಕದಲ್ಲೇ ಇದ್ದಳು. ಹಾಳೆಯನ್ನು ಓರೆಮಾಡಿಕೊಂಡು ಗುರುತು ಹಾಕಿದೆ. ವೈದ್ಯರು ಆ ಗುರುತನ್ನು ನೋಡಿ ಗಾಬರಿಯಾಗಲಿಲ್ಲ, ಉಪದೇಶಿಸಲಿಲ್ಲ. ನನ್ನಾಕೆಯನ್ನು ಸ್ವಲ್ಪ ಹೊರಗೆ ಕೂರಿಸಿ ನೇರವಾಗಿ ವಿಚಾರಿಸಿದರು. ನೇರವಾಗಿ ಕೇಳಿಸಿಕೊಳ್ಳುವುದರಲ್ಲಿ ಎಂಥ ಬಿಡುಗಡೆಯಿದೆ ಎಂದು ಅಂದು ತಿಳಿಯಿತು.

ಮಾತ್ರೆ ಬರೆದುಕೊಟ್ಟು, ಪರಿಣಾಮ ಕಾಣಲು ಕೆಲವು ವಾರ ಬೇಕು, ನಡುವೆ ನೀವೇ ನಿಲ್ಲಿಸಬೇಡಿ ಎಂದರು. ಜೊತೆಗೆ ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕೌನ್ಸೆಲಿಂಗ್‌ಗೆ ಕಳುಹಿಸಿದರು. ಮಾತ್ರೆ ಬರೆಯುವವರು ಮನೋವೈದ್ಯರು, ಮಾತಿನ ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞರು ಮಾತ್ರೆ ಬರೆಯುವುದಿಲ್ಲ. ಕೌನ್ಸೆಲಿಂಗ್‌ನ ಮೊದಲ ದಿನ ನಿಮಗೆ ಸ್ವಲ್ಪ ನಿರಾಸೆಯಾಗಬಹುದು, ಏಕೆಂದರೆ ಅದು ಬಹುಪಾಲು ವಿಚಾರಣೆಯೇ: ನಿದ್ದೆ, ಊಟ, ಕುಡಿತ, ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೆ, ಈಗ ಯಾವ ಮಾತ್ರೆ ನುಂಗುತ್ತಿದ್ದೀರಿ, ಸಾಯುವ ಯೋಚನೆ ಬಂದಿದೆಯೇ. ಸಾಮಾನ್ಯವಾಗಿ ಮುಕ್ಕಾಲು ಗಂಟೆ, ಆರಂಭದಲ್ಲಿ ವಾರಕ್ಕೊಮ್ಮೆ. ಮಾತು ಮುಗಿಯುವ ಮುನ್ನವೇ ಸಮಯ ಮುಗಿಯುತ್ತದೆ, ಅದಕ್ಕೆ ಬೇಸರಪಟ್ಟುಕೊಳ್ಳಬೇಡಿ. ನಾನು ಕಂಡವರು ನಮ್ಮ ಧರ್ಮದವರಲ್ಲ. ಪಾಪನಿವೇದನೆ ಎಂದರೇನು, ಅದಾದ ಮೇಲೂ ನನಗೇಕೆ ತಪ್ಪಿತಸ್ಥಭಾವ ಹೋಗುವುದಿಲ್ಲ ಎಂದು ಅವರಿಗೆ ಮೊದಲಿನಿಂದ ವಿವರಿಸಬೇಕಾಯಿತು. ವಿವರಿಸುವಾಗ, ಕ್ಷಮೆ ಸಿಕ್ಕ ಪಾಪಗಳನ್ನು ನಾನು ರಾತ್ರಿ ಮೂರಕ್ಕೆ ಎದ್ದು ಮತ್ತೆ ಎಣಿಸುತ್ತಿದ್ದೆನೆಂಬುದು ನನಗೇ ಕಂಡಿತು. ಆದ್ದರಿಂದ ಕ್ರೈಸ್ತ ಕೌನ್ಸೆಲರ್ ಸಿಗುವವರೆಗೆ ಕಾಯುತ್ತೇನೆ ಎನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಧರ್ಮ ಕೇಳುವ ಮೊದಲು ಅವರ ತರಬೇತಿ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಫಲಕ ಹಾಕಿಕೊಂಡವರಿಗೆ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಇರಬೇಕು, ಸಂಖ್ಯೆ ಕೇಳಿದರೆ ಅವರು ಬೇಸರಿಸುವುದಿಲ್ಲ. ಆವಿಲಾದ ಸಂತ ತೆರೇಸಾ ಕೂಡ ಅರ್ಧ ಕಲಿತ ಗುರುಗಳಿಂದ ತನಗೆ ಆದ ಹಾನಿಯನ್ನು ನೆನೆದು, ಮಾರ್ಗದರ್ಶಕರಿಗೆ ವಿದ್ಯೆಯಿರಬೇಕೆಂದು ಹಠ ಹಿಡಿದವರು. ಇನ್ನು ಮಾತ್ರೆ ಬಿಟ್ಟು ವಿಶ್ವಾಸದಿಂದ ಪ್ರಾರ್ಥಿಸಿ ಎನ್ನುವವರು ಯಾರೇ ಆಗಿರಲಿ, ಎಷ್ಟೇ ಜನ ಅವರ ಹಿಂದಿರಲಿ, ಅವರಿಗೆ ನಮಸ್ಕಾರ ಹೇಳಿ ದೂರವಿರಿ.

ಗೌಪ್ಯದ ಬಗ್ಗೆ ಕೇಳಿದ್ದೀರಿ. ಪಾಪನಿವೇದನೆಯ ಗೌಪ್ಯವನ್ನು ಯಾವ ಕಾರಣಕ್ಕೂ ಮುರಿಯುವಂತಿಲ್ಲ. ಮಾರ್ಗದರ್ಶನದಲ್ಲಿ ಆಡಿದ ಮಾತಿಗೆ ಆ ಸಂಸ್ಕಾರದ ಮುದ್ರೆಯಿಲ್ಲ, ಅಲ್ಲಿ ನಂಬಿಕೆಯೇ ಆಧಾರ; ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಚಿಕಿತ್ಸೆಯ ಮಾಹಿತಿಯ ಗೌಪ್ಯ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ನಿಮ್ಮ ಹಕ್ಕು, ನಿಮ್ಮ ಅಥವಾ ಇತರರ ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳನ್ನು ಬಿಟ್ಟು. ಹಾಗೆಯೇ ನಿಮ್ಮ ನೌಕರಿಯ ಮೇಲೋ ಮನೆಯ ವ್ಯವಹಾರದ ಮೇಲೋ ಅಧಿಕಾರವಿರುವ ಗುರುಗಳನ್ನು ಮಾರ್ಗದರ್ಶಕರನ್ನಾಗಿ ಮಾಡಿಕೊಳ್ಳಬೇಡಿ. ಸನ್ಯಾಸಿಗಳ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರನ್ನು ಅಂತರಂಗ ತೆರೆದಿಡುವಂತೆ ಒತ್ತಾಯಿಸಬಾರದೆಂದು ಧರ್ಮಸಭೆಯ ಕಾನೂನೇ ಹೇಳುವಾಗ, ನಾವು ನೀವು ಆ ಎಚ್ಚರಿಕೆಯನ್ನು ಬಿಡುವುದೇಕೆ?

ಎರಡರಲ್ಲಿ ಯಾವುದು ಎಂಬ ಪ್ರಶ್ನೆಯನ್ನೇ ನೀವು ಬಿಡಬೇಕೆಂದು ನನ್ನ ಅಭಿಪ್ರಾಯ. ಮೊದಲು ವೈದ್ಯರು, ಈ ವಾರವೇ. ಹತ್ತಿರ ಯಾರೂ ಇಲ್ಲದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. 14416 ಸಂಖ್ಯೆಯ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಒಂಬತ್ತನೆಯ ಪ್ರಶ್ನೆಯಂಥ ಯೋಚನೆ ನಿಮಗೂ ಬರುತ್ತಿದ್ದರೆ ಈ ಉತ್ತರ ಓದುವುದನ್ನು ನಿಲ್ಲಿಸಿ ಈಗಲೇ ಕರೆಮಾಡಿ, ಅಕ್ಕನಿಗೂ ಹೇಳಿ. ನಿದ್ದೆ ಒಂದಿಷ್ಟು ದಾರಿಗೆ ಬಂದ ಮೇಲೆ ಮಾರ್ಗದರ್ಶನ ಆರಂಭಿಸಿ. ಈಗಾಗಲೇ ಆರಂಭಿಸಿದ್ದರೆ ಬಿಡಬೇಕಾಗಿಲ್ಲ, ಆದರೆ ಇಬ್ಬರಿಗೂ ಇನ್ನೊಬ್ಬರ ವಿಷಯ ತಿಳಿದಿರಲಿ.

ಎಲ್ಲವನ್ನೂ ಸಿಸ್ಟರ್‌ಗೆ ಹೇಳಿದ ದಿನ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಹೇಳಿದ್ದರೆ ನಾನೇ ಬಸ್ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳುಹಿಸುತ್ತಿದ್ದೆನಲ್ಲ, ಮೇಷ್ಟ್ರೇ" ಎಂದರು. ಆಮೇಲಿನ ಭೇಟಿಗಳಲ್ಲಿ ಬತ್ತಿ ಹಚ್ಚುವ ಮೊದಲೇ ಊಟ, ನಿದ್ದೆ, ಮಾತ್ರೆ ಮೂರನ್ನೂ ವಿಚಾರಿಸಿಬಿಡುತ್ತಾರೆ. ನಿಮ್ಮ ಗುರುಗಳಿಗೆ ಮಾತ್ರೆಯ ವಿಷಯ ತಿಳಿಸಲೇಬೇಕೆಂದೇನೂ ಇಲ್ಲ. ಅವರು ಕೇಳಿದರೆ, ಮಾರ್ಗದರ್ಶಕರನ್ನು ಹುಡುಕುತ್ತಿದ್ದೇನೆ, ವೈದ್ಯರನ್ನೂ ಕಾಣುತ್ತಿದ್ದೇನೆ ಎಂದರೆ ಸಾಕು.