ಮೊದಲು ಸೆಳೆತ, ಆಮೇಲೆ ಹಡಗು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: “ನನಗೆ 49, ನನ್ನವರಿಗೆ 54. ಎರಡು ವರ್ಷದ ಹಿಂದೆ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದೆವು. ಆಮೇಲೆ ನೇತ್ರಾಣಿಯಲ್ಲೂ ಇಳಿದೆವು. ಒಟ್ಟು 14 ಡೈವ್ ಆಗಿವೆ. ಇಂಡೋನೇಷ್ಯಾದ ರಾಜಾ ಅಂಪಾಟ್‌ಗೆ ಹೋಗುವ ಲಿವ್‌ಅಬೋರ್ಡ್ (ರಾತ್ರಿ ಅದರಲ್ಲೇ ತಂಗಿ ಡೈವ್ ಮಾಡುವ ಹಡಗು) ಒಂದರಲ್ಲಿ ಬರುವ ನವೆಂಬರಿಗೆ ಹತ್ತು ರಾತ್ರಿಗೆ ಜಾಗ ಖಾಲಿ ಇದೆ. ಈ ತಿಂಗಳೇ ಮುಂಗಡ ಕಟ್ಟಬೇಕಂತೆ. ವರ್ಷಗಟ್ಟಲೆ ಕೂಡಿಟ್ಟ ಹಣ. ಕಟ್ಟೋಣವೇ? ನಾವು ಸಸ್ಯಾಹಾರಿಗಳು. ಏನೇನು ತಯಾರಿ ಬೇಕು?”

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಐವತ್ತರ ಹತ್ತಿರ ಬಂದ ಮೇಲೆ ಸಮುದ್ರಕ್ಕೆ ಇಳಿಯಲು ಕಲಿತವರು ನೀವು. ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ಹೋಗಿ, ಖಂಡಿತ ಹೋಗಿ. ಆದರೆ ಈ ನವೆಂಬರಿಗೆ ಬೇಡ, ಅದರ ಮುಂದಿನ ನವೆಂಬರಿಗೆ ಹೋಗಿ. ಹಡಗು ಎಲ್ಲೂ ಓಡಿಹೋಗುವುದಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ರಾಜಾ ಅಂಪಾಟ್‌ನಲ್ಲಿ ನೀವು ನೋಡಲು ಹೊರಟಿರುವುದೆಲ್ಲ ನೀರಿನ ಸೆಳೆತದಿಂದಲೇ ಬದುಕಿದೆ. ಪೆಸಿಫಿಕ್ ಸಾಗರದ ನೀರು ಇಂಡೋನೇಷ್ಯಾದ ದ್ವೀಪಗಳ ನಡುವಿನಿಂದ ಹಿಂದೂ ಮಹಾಸಾಗರದ ಕಡೆಗೆ ಹರಿಯುತ್ತಲೇ ಇರುತ್ತದೆ. ಅದರ ಮೇಲೆ ದಿನದ ಭರತ, ಇಳಿತ ಬೇರೆ. ವೈಗೆಯೊ ಮತ್ತು ಬತಾಂತಾ ದ್ವೀಪಗಳ ನಡುವಿನ ಡ್ಯಾಂಪಿಯರ್ ಜಲಸಂಧಿಯಲ್ಲಿ ಈ ನೀರೆಲ್ಲ ಇಕ್ಕಟ್ಟಾಗಿ ನುಗ್ಗುತ್ತದೆ. ಹವಳಕ್ಕೆ, ಮೀನಿಗೆ ಊಟ ಬರುವುದು ಆ ನುಗ್ಗುವ ನೀರಿನಲ್ಲೇ. ಅಲ್ಲಿನ ಕೇಪ್ ಕ್ರಿ ಎಂಬ ಜಾಗದಲ್ಲಿ ಮೀನು ತಜ್ಞ ಜೆರಾಲ್ಡ್ ಆಲೆನ್ 2012ರಲ್ಲಿ ಒಂದೇ ಡೈವ್‌ನಲ್ಲಿ 374 ಜಾತಿಯ ಮೀನು ಎಣಿಸಿದರು. ಸೆಳೆತ ಇಲ್ಲದಿದ್ದರೆ ಆ ಲೆಕ್ಕವೂ ಇಲ್ಲ. ಮೀನು ಬೇಕು, ಸೆಳೆತ ಬೇಡ ಅಂದರೆ ಆ ಸಮುದ್ರದಲ್ಲಿ ನಡೆಯುವುದಿಲ್ಲ.

14 ಡೈವ್ ಮಾಡಿದವರಿಗೆ ಈ ಸೆಳೆತ ಏನು ಮಾಡುತ್ತದೆ ಎಂದು ನನಗೆ ಗೊತ್ತು. ನಾನು ಇಂಡೋನೇಷ್ಯಾದ್ದೇ ಆದ ಕೊಮೊಡೊ ದ್ವೀಪಗಳಿಗೆ ಹೋದಾಗ ನನ್ನ ಲೆಕ್ಕ 20 ದಾಟಿತ್ತು ಅಷ್ಟೇ. ಬತು ಬೊಲೊಂಗ್ ಎಂಬ ಬಂಡೆಯ ಪಕ್ಕ ಇಳಿದೆವು. ಬಂಡೆಯ ಮರೆಯಲ್ಲಿ ಇರುವವರೆಗೆ ನೀರು ಶಾಂತವಾಗಿತ್ತು. ಒಂದು ಮೂಲೆ ದಾಟಿದ್ದೇ ತಡ, ನನ್ನ ಉಸಿರಿನ ಗುಳ್ಳೆಗಳು ಮೇಲೆ ಹೋಗುವ ಬದಲು ಕೆಳಗೆ ಹೋಗತೊಡಗಿದವು. ಕೈಕಾಲು ಬಡಿದೆ. ಬಡಿದಷ್ಟೂ ಗಾಳಿ ಖರ್ಚಾಯಿತು. ಗೈಡ್ ನನ್ನ ಪಟ್ಟಿ ಹಿಡಿದು ಬಂಡೆಯ ಮರೆಗೆ ಎಳೆದುಕೊಂಡ. ಆ ಡೈವ್ 25 ನಿಮಿಷಕ್ಕೇ ಮುಗಿಯಿತು. ನನ್ನಿಂದಾಗಿ ಇಡೀ ಗುಂಪು ಮೇಲೆ ಬರಬೇಕಾಯಿತು. ಸುತ್ತ ಎಷ್ಟು ಮೀನಿತ್ತೋ, ನಾನು ಒಂದನ್ನೂ ನೋಡಿರಲಿಲ್ಲ. ಕೂಡಿಟ್ಟ ಹಣದಲ್ಲಿ ಹೊರಟ ನೀವಿಬ್ಬರೂ ಹತ್ತು ದಿನ ಬರೀ ಗಾಳಿಯ ಮೀಟರ್ ನೋಡುತ್ತಾ ಕಳೆಯಬಾರದು ಅನ್ನುವುದೇ ನನ್ನ ಆಸೆ.

ಒಂದು ವರ್ಷದಲ್ಲಿ ಏನು ಮಾಡಬಹುದು? ಮೊದಲು ನಮ್ಮ ನೇತ್ರಾಣಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ದೂರ, ನಿಮಗಂತೂ ಮನೆಯಂಗಳ ಇದ್ದ ಹಾಗೆ. ಅಲ್ಲಿ ಹೊಸದೇನೂ ನೋಡಬೇಕಿಲ್ಲ. ಒಂದೇ ಆಳದಲ್ಲಿ ಕೈ ಆಡಿಸದೆ, ಏನನ್ನೂ ಮುಟ್ಟದೆ ನಿಲ್ಲುವುದನ್ನು ಕಲಿಯಿರಿ. ಡೈವರ್‌ಗಳು ಇದನ್ನೇ ಬಾಯನ್ಸಿ ಅನ್ನುತ್ತಾರೆ. ಅಡ್ವಾನ್ಸ್‌ಡ್ ಕೋರ್ಸನ್ನೂ ಮುಗಿಸಿಕೊಳ್ಳಿ. ಈಗಿನ ನಿಮ್ಮ ಸರ್ಟಿಫಿಕೇಟ್ 18 ಮೀಟರಿಗೆ ಮಾತ್ರ, ಅಡ್ವಾನ್ಸ್‌ಡ್ ಆದರೆ 30 ಮೀಟರ್. ರಾಜಾ ಅಂಪಾಟ್‌ನ ಬಹಳಷ್ಟು ಹಡಗುಗಳು ಅದನ್ನು ಕೇಳಿಯೇ ಕೇಳುತ್ತವೆ.

ಆಮೇಲೆ ಒಂದು ವಾರ ಬಾಲಿಗೆ ಹೋಗಿ ಬನ್ನಿ. ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲೆ ಇದು ಸುಲಭವಾಗಿದೆ. ಬಾಲಿಯ ಉತ್ತರ-ಪೂರ್ವ ದಡದಲ್ಲಿ ತುಲಂಬೆನ್ ಎಂಬ ಊರಿದೆ. 1942ರಲ್ಲಿ ಜಪಾನಿನ ಸಬ್‌ಮರೀನ್ ಹೊಡೆದ ಅಮೆರಿಕದ ಲಿಬರ್ಟಿ ಹಡಗನ್ನು ಅಲ್ಲಿನ ದಡಕ್ಕೆ ತಂದು ನಿಲ್ಲಿಸಿದ್ದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಜಾರಿ ನೀರಿಗಿಳಿಯಿತು. ಈಗ ದಡದಿಂದ ನಡೆದೇ ಹೋಗಿ ಅದರ ಸುತ್ತ ಈಜಬಹುದು. ನೀರು ಸಾಮಾನ್ಯವಾಗಿ ಶಾಂತ. ಮೂರು ದಿನ ಅಲ್ಲಿ ಕೈ ಪಳಗಿದ ಮೇಲೆ ಎರಡು ದಿನ ನುಸಾ ಪೆನಿಡಾಗೆ ಹೋಗಿ, ಒಳ್ಳೆಯ ಗೈಡ್ ಜೊತೆ ದ್ವೀಪದ ಉತ್ತರ ದಡದಲ್ಲಿ ಡ್ರಿಫ್ಟ್ ಡೈವ್ ಮಾಡಿ. ಅಂದರೆ ಸೆಳೆತದ ಎದುರು ಈಜದೆ ಅದರ ಜೊತೆ ಸಾಗುವುದು. ಬಿಸಿಡಿಯಲ್ಲಿ (ಗಾಳಿ ತುಂಬಿ ತೇಲಲು ತೊಡುವ ಜಾಕೆಟ್) ಗಾಳಿ ಉಳಿಸದೆ ದೋಣಿಯಿಂದ ಹಿಂದಕ್ಕೆ ಉರುಳಿ ಸೀದಾ ಕೆಳಗೆ ಹೋಗುವುದನ್ನು ಕಲಿಯಿರಿ. ಮೇಲೆ ಬರುವ ಮೊದಲು ಕಿತ್ತಳೆ ಬಣ್ಣದ ಉದ್ದನೆಯ ಬಲೂನು ಬಿಡುವುದನ್ನೂ ಕಲಿಯಿರಿ. ನೀವು ದೂರ ತೇಲಿಹೋದರೂ ದೋಣಿಯವರಿಗೆ ಆ ಬಲೂನು ಕಾಣುತ್ತದೆ. ಗೈಡ್ ಕೈಯಲ್ಲೊಂದು ಇದ್ದರೆ ಸಾಲದು, ನಿಮ್ಮಿಬ್ಬರ ಹತ್ತಿರವೂ ಒಂದೊಂದು ಇರಲಿ. ನಿಮ್ಮ ಲೆಕ್ಕ 40, 50ಕ್ಕೆ ಬಂದಾಗ ಅದೇ ಸೆಳೆತ ನಿಮಗೆ ಸವಾರಿ ಕೊಡುತ್ತದೆ.

ನೈಟ್ರಾಕ್ಸ್ ಅಂದರೆ ಆಮ್ಲಜನಕ ಹೆಚ್ಚಿಸಿ ನೈಟ್ರೋಜನ್ ಕಡಿಮೆ ಮಾಡಿದ ಗಾಳಿ. ಅದರ ಕೋರ್ಸ್ ಒಂದು ದಿನದ್ದು. ಬಿಡಬೇಡಿ. ಲಿವ್‌ಅಬೋರ್ಡ್‌ನಲ್ಲಿ ದಿನಕ್ಕೆ ಮೂರು, ನಾಲ್ಕು ಡೈವ್ ಇರುತ್ತವೆ. ಪ್ರತಿ ಸಲವೂ ಮೈಯಲ್ಲಿ ಸ್ವಲ್ಪ ನೈಟ್ರೋಜನ್ ಉಳಿಯುತ್ತದೆ, ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ. ಅದು ಜಾಸ್ತಿಯಾದರೆ ಮೇಲೆ ಬರುವಾಗ ಮೈಯಲ್ಲಿ ಗುಳ್ಳೆಗಳಾಗಿ ಡೈವಿಂಗ್ ಕಾಯಿಲೆ ತರುತ್ತದೆ. ಮಾಮೂಲಿ ಗಾಳಿಯಲ್ಲಿ ನೈಟ್ರೋಜನ್ ನೂರಕ್ಕೆ ಸುಮಾರು 79 ಪಾಲು, 32 ಪಾಲು ಆಮ್ಲಜನಕವಿರುವ ನೈಟ್ರಾಕ್ಸ್‌ನಲ್ಲಿ 68. ಆದರೆ ಅದರಲ್ಲಿ ಆಮ್ಲಜನಕ ಜಾಸ್ತಿ ಇರುವುದರಿಂದ ಸುಮಾರು 34 ಮೀಟರ್ ದಾಟಬಾರದು. ಇಷ್ಟಾದರೂ ಐದನೇ, ಆರನೇ ದಿನ ಮೈ ಭಾರ ಅನ್ನಿಸಿದರೆ ಒಂದು ಡೈವ್ ಬಿಟ್ಟು ಮೇಲೆ ಕುಳಿತುಕೊಳ್ಳಿ. ದುಡ್ಡು ಕೊಟ್ಟಿದ್ದೇವಲ್ಲ ಅಂತ ಇಳಿಯಬೇಡಿ. ನಿಮ್ಮವರ ವಯಸ್ಸಿಗೆ ಹೊರಡುವ ಮೊದಲು ಬಿಪಿ, ಹೃದಯ ಎರಡನ್ನೂ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಇನ್ನು ಹಡಗು. ಅಲ್ಲಿ ಓಡುವ ಹೆಚ್ಚಿನವು ಪಿನಿಸಿ ಎಂಬ ಮರದ ಹಡಗುಗಳು. ದಕ್ಷಿಣ ಸುಲವೇಸಿಯ ಕುಶಲಕರ್ಮಿಗಳು ಸಮುದ್ರ ದಡದಲ್ಲೇ ಕಟ್ಟುತ್ತಾರೆ. ಆ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ನೋಡಲು ಬಹಳ ಚೆಂದ. ಆದರೆ ಮರ ಅಂದರೆ ಬೆಂಕಿಯ ಭಯವೂ ಇದೆ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಹತ್ತಿರ ಕನ್ಸೆಪ್ಷನ್ ಎಂಬ ಡೈವ್ ಹಡಗು ಹೊತ್ತಿ ಉರಿಯಿತು. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಜನರೂ ಸತ್ತರು. ರಾತ್ರಿ ಕಾವಲಿಗೆ ಯಾರೂ ಎಚ್ಚರವಿರಲಿಲ್ಲ. ಹೊರಬರುವ ಎರಡೂ ದಾರಿ ಬೆಂಕಿ ಇದ್ದ ಒಂದೇ ಜಾಗಕ್ಕೆ ತೆರೆದುಕೊಳ್ಳುತ್ತಿದ್ದವು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮುಂಗಡ ಕಟ್ಟುವ ಮೊದಲು ನೀವು ಕೇಳಲೇಬೇಕಾದ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ. ರಾತ್ರಿಯಿಡೀ ಎಚ್ಚರವಿದ್ದು ಸುತ್ತುವವರು ಇದ್ದಾರಾ? ಕೆಳಗಿನ ಕೋಣೆಯಿಂದ ಎರಡನೇ ದಾರಿ ಬೇರೆ ಕಡೆಗೆ ಹೋಗುತ್ತದಾ? ಕ್ಯಾಮೆರಾ, ಟಾರ್ಚಿನ ಬ್ಯಾಟರಿ ಚಾರ್ಜ್ ಮಾಡುವುದು ಎಲ್ಲಿ? ಆಮ್ಲಜನಕದ ಸಿಲಿಂಡರ್ ಎಷ್ಟು ಹೊತ್ತಿಗೆ ಸಾಕು? ಡೈವಿಂಗ್ ಕಾಯಿಲೆಗೆ ಚಿಕಿತ್ಸೆ ಕೊಡುವ ಹತ್ತಿರದ ರೀಕಂಪ್ರೆಷನ್ ಚೇಂಬರ್ ಎಲ್ಲಿದೆ, ತಲುಪಲು ಎಷ್ಟು ಗಂಟೆ? ಒಳ್ಳೆಯ ಹಡಗಿನವರು ಇದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಡುತ್ತಾರೆ. ಅಡ್ಡ ಮಾತಾಡಿದರೆ ಆ ಹಡಗು ಎಷ್ಟೇ ಅಗ್ಗವಿದ್ದರೂ ಬಿಡಿ. ಡೈವಿಂಗ್‌ಗೆ ಅಂತಲೇ ಇರುವ ವಿಮೆಯನ್ನೂ ಮಾಡಿಸಿ. ಮಾಮೂಲಿ ಪ್ರವಾಸ ವಿಮೆಗಳಲ್ಲಿ ಸ್ಕೂಬಾ ಎಷ್ಟೋ ಸಲ ಸೇರಿರುವುದಿಲ್ಲ.

ನವೆಂಬರ್ ಆರಿಸಿಕೊಂಡದ್ದು ಸರಿಯಾಗಿದೆ. ಅಕ್ಟೋಬರಿನಿಂದ ಏಪ್ರಿಲ್ ಅಲ್ಲಿನ ಸೀಸನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಜಾಸ್ತಿ. ಹೆಚ್ಚಿನ ಹಡಗುಗಳು ಆಗ ಕೊಮೊಡೊ ಕಡೆಗೆ ಹೋಗುತ್ತವೆ.

ದಾರಿ ಮಾತ್ರ ಉದ್ದ. ಜಕಾರ್ತಾ ಅಥವಾ ಬಾಲಿ ತಲುಪಿ, ಸಾಮಾನ್ಯವಾಗಿ ಮಕಾಸ್ಸರ್ ಮೇಲಿಂದ, ಹಡಗು ಹೊರಡುವ ಊರಾದ ಸೊರೊಂಗ್‌ಗೆ ಹೋಗಬೇಕು. ಸೊರೊಂಗ್‌ನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಹಡಗು ಹೊರಡುವ ಹಿಂದಿನ ದಿನವೇ ಅಲ್ಲಿರಿ. ನಾನೊಮ್ಮೆ ಬೆಳಿಗ್ಗೆ ಇಳಿದು ಮಧ್ಯಾಹ್ನ ಹಡಗು ಹತ್ತುವ ಲೆಕ್ಕ ಹಾಕಿದ್ದೆ. ನಾನು ಬಂದೆ, ಬ್ಯಾಗು ಬರಲಿಲ್ಲ. ಐದು ದಿನ ಬಾಡಿಗೆ ಮಾಸ್ಕ್‌ನಲ್ಲಿ ನೀರು ಸೋರುತ್ತಲೇ ಇತ್ತು. ಅಂದಿನಿಂದ ಮಾಸ್ಕ್, ರೆಗ್ಯುಲೇಟರ್ (ನೀರಿನಡಿ ಉಸಿರಾಡುವ ಸಾಧನ), ಡೈವ್ ಕಂಪ್ಯೂಟರ್ ಮೂರನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳುತ್ತೇನೆ. ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ), ವೆಟ್‌ಸೂಟ್ ದೊಡ್ಡ ಬ್ಯಾಗಿನಲ್ಲಿ ವಿಮಾನದ ಹೊಟ್ಟೆಗೆ ಹೋಗಲಿ. ಅಲ್ಲಿನ ನೀರು 27ರಿಂದ 30 ಡಿಗ್ರಿ ಇರುತ್ತದೆ, 3 ಮಿಲಿಮೀಟರ್ ಸೂಟ್ ಸಾಕು. ವಾಪಸ್ ಬರುವಾಗ ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಪೂರ್ತಿ 24 ಗಂಟೆ ಬಿಡಿ. ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು ಅನ್ನುತ್ತಾರೆ. ನಿಮಗೆ ನಾನು ಆ ಕನಿಷ್ಠವನ್ನು ಹೇಳುವುದಿಲ್ಲ.

ರಾಜಾ ಅಂಪಾಟ್ ಇರುವ ಪಾಪುವಾ ಕಡೆ ಮಲೇರಿಯಾ ಇದೆ. ವೈದ್ಯರ ಹತ್ತಿರ ಹೋದಾಗ ನೀವು ಡೈವರ್‌ಗಳು ಅಂತ ಮೊದಲೇ ಹೇಳಿ. ಮೆಫ್ಲೋಕ್ವಿನ್ ಎಂಬ ಮಾತ್ರೆಯಿಂದ ಕೆಲವರಿಗೆ ತಲೆ ಸುತ್ತುತ್ತದೆ. ಅದು ಡೈವಿಂಗ್ ಕಾಯಿಲೆಯ ಲಕ್ಷಣದಂತೆಯೇ ಕಾಣುವುದರಿಂದ ಡೈವರ್‌ಗಳಿಗೆ ಅದು ಸರಿಹೋಗುವುದಿಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ತೋಳು ಮುಚ್ಚುವ ಬಟ್ಟೆ ಬೇಕು.

ಊಟದ ಚಿಂತೆ ಜಾಸ್ತಿ ಬೇಡ. ಅನ್ನ, ಸೊಪ್ಪು, ತೋಫು, ಸೋಯಾಕಾಳಿನ ತೆಂಪೆ ಅಲ್ಲಿ ದಿನನಿತ್ಯದ ಊಟ. ಒಂದೇ ಒಂದು ವಿಷಯ ಗಮನಿಸಿ. ಅಲ್ಲಿನ ಸಂಬಾಲ್ ಚಟ್ನಿಗೆ, ಎಷ್ಟೋ ಪಲ್ಯಗಳಿಗೆ ತೆರಾಸಿ ಹಾಕುತ್ತಾರೆ. ಅದು ಹುದುಗಿಸಿದ ಸಿಗಡಿಯ ಮುದ್ದೆ. ಸುಮ್ನೆ “ವೆಜಿಟೇರಿಯನ್” ಅಂದರೆ ಸಾಲದು. “ತೆರಾಸಿ ಬೇಡ” ಎಂದು ಬುಕ್ ಮಾಡುವಾಗಲೇ ಬರೆದುಕೊಡಿ, ಹಡಗು ಹತ್ತಿದ ದಿನ ಅಡುಗೆಯವರಿಗೂ ಹೇಳಿ. ಮನೆಯ ಚಟ್ನಿಪುಡಿ ಒಂದು ಡಬ್ಬಿ ಜೊತೆಗಿರಲಿ. ಮೂರನೇ ಡೈವ್ ಮುಗಿಸಿ ಬಂದಾಗ ಬಿಸಿ ಅನ್ನಕ್ಕೆ ಅದು ಎಷ್ಟು ರುಚಿ ಅಂತ ನಿಮಗೇ ತಿಳಿಯುತ್ತದೆ.

ಒಂದು ಮಾತು ಹವಳದ ಬಗ್ಗೆ. 2017ರ ಮಾರ್ಚ್‌ನಲ್ಲಿ ಕ್ಯಾಲಿಡೋನಿಯನ್ ಸ್ಕೈ ಎಂಬ ಪ್ರವಾಸಿ ಹಡಗು ಕ್ರಿ ದ್ವೀಪದ ಹತ್ತಿರ ಹವಳದ ಮೇಲೆ ಹತ್ತಿ ನಿಂತು ದೊಡ್ಡ ಜಾಗವನ್ನೇ ಪುಡಿ ಮಾಡಿತು. ಅಷ್ಟು ದೊಡ್ಡದಾಗಿ ಅಲ್ಲದಿದ್ದರೂ, ಬಾಯನ್ಸಿ ಕಲಿಯದ ಡೈವರ್‌ನ ಫಿನ್ ಕೂಡ ಪ್ರತಿ ಒದೆತಕ್ಕೂ ಒಂದಿಷ್ಟು ಮುರಿಯುತ್ತದೆ. ಸೆಳೆತದಲ್ಲಿ ನಿಲ್ಲಲು ರೀಫ್ ಹುಕ್ (ಹಗ್ಗದ ತುದಿಯ ಕೊಕ್ಕೆ) ಹಾಕುವಾಗ ಜೀವವಿಲ್ಲದ ಕಲ್ಲಿಗೆ ಮಾತ್ರ ಹಾಕಿ. ಅಲ್ಲಿ ಮಂಟಾ ಎಂಬ ದೈತ್ಯ ತೊರಕೆ ಮೀನುಗಳು ಮೈ ಶುಚಿ ಮಾಡಿಸಿಕೊಳ್ಳಲು ಬರುವ ಜಾಗಗಳಿವೆ, ಸಣ್ಣ ಮೀನುಗಳು ಅವುಗಳ ಮೈ ಉಜ್ಜುತ್ತವೆ. ಅಲ್ಲಿ ತಗ್ಗಿ, ಅಲುಗದೆ ಕಾಯಬೇಕು. ಅಲುಗದೆ ಇರುವವರ ತಲೆಯ ಮೇಲೆಯೇ ಅವು ಹಾದು ಹೋಗುತ್ತವೆ. ಆ ಐದು ನಿಮಿಷಕ್ಕಾಗಿಯಾದರೂ ಈ ವರ್ಷ ಕಾಯಿರಿ.

ಹಡಗಿನವರಿಗೆ ಈಗಲೇ ಬರೆದು ಮುಂದಿನ ವರ್ಷದ ನವೆಂಬರಿನ ದಿನಾಂಕ ಕೇಳಿ. ಒಳ್ಳೆಯ ಹಡಗುಗಳು ವರ್ಷ ಮೊದಲೇ ತುಂಬುತ್ತವೆ, ನಿಮಗೆ ಬೇಕಾದ ಕೋಣೆಯೂ ಸಿಗಬಹುದು. ಈ ನಡುವೆ ಮಳೆ ನಿಂತು ನೇತ್ರಾಣಿಗೆ ದೋಣಿ ಶುರುವಾದ ಮೊದಲ ವಾರವೇ ಮುರ್ಡೇಶ್ವರಕ್ಕೆ ಹೊರಡಿ. 15ನೇ ಡೈವ್ ಹೇಗಾಯಿತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.