ತೂಕದ ಪುಸ್ತಕವನ್ನು ಮುಚ್ಚಲಾಗದ ರೈಟರ್

ಗುರುತು ಸಿಗದಿರಲೆಂದು ಈ ಪ್ರಕರಣದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ 18 ವರ್ಷಗಳಿಂದ ರೈಟರ್ ಆಗಿರುವ ಇವರು ಪತ್ನಿಯೊಂದಿಗೆ ಚಿಕ್ಕಮಗಳೂರಿಗೆ ಬಂದು ಆಪ್ತಸಮಾಲೋಚನೆಗಾಗಿ ನನ್ನನ್ನು ಕಂಡದ್ದು, ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಕೊಯ್ಲು ಇನ್ನೂ ಆರಂಭವಾಗದ ಬಿಡುವಿನಲ್ಲಿ. ಸಂಜೆ ಕಾರ್ಮಿಕರು ತಂದ ಹಣ್ಣನ್ನು ತೂಗಿಸಿ ಹೆಸರಿನ ಮುಂದೆ ಕಿಲೋ ಬರೆಯುವುದು ಇವರ ಕೆಲಸ. 3 ವರ್ಷಗಳ ಹಿಂದೆ ಒಬ್ಬ ಹೆಂಗಸಿನ ಲೆಕ್ಕದಲ್ಲಿ ಅಂಕಿ ತಪ್ಪಿ ಕೂಲಿ ಕಡಿಮೆಯಾಯಿತು. ಮರುದಿನವೇ ಸರಿಪಡಿಸಲಾಯಿತು, ಯಾರೂ ದೂರಲಿಲ್ಲ. ಅಲ್ಲಿಂದ ಇವರು ಪ್ರತಿ ಚೀಲವನ್ನು ಎರಡು ಸಲ ತೂಗಿಸತೊಡಗಿದರು, ಆಮೇಲೆ ತಕ್ಕಡಿಯ ಅಂಕಿಯ ಫೋಟೋ ತೆಗೆಯತೊಡಗಿದರು, ಕೊನೆಗೆ ಮಧ್ಯರಾತ್ರಿ ಎದ್ದು ಫೋಟೋಗಳನ್ನು ಪುಸ್ತಕದೊಂದಿಗೆ ಹೋಲಿಸಿ, ಆ ಫೋಟೋ ಅಂದಿನದೇ ಹೌದೋ ಅಲ್ಲವೋ ಎಂದು ಅನುಮಾನಪಡುವ ಮಟ್ಟಕ್ಕೆ ಬಂದರು. ಕತ್ತಲಾಗುವವರೆಗೆ ತೂಕಕ್ಕೆ ಕಾಯಬೇಕಾದ ಕಾರ್ಮಿಕರ ಗೊಣಗಾಟ ಬೇರೆ. ಮನೆಯಲ್ಲಿ "ಅನುಮಾನಂ ಪೆದ್ದ ರೋಗಂ" ಎಂದು ತಮಾಷೆ ನಡೆಯುತ್ತಿತ್ತು.

"ಮೇಡಂ, ನಾನು ಬೇಜವಾಬ್ದಾರಿ ಮನುಷ್ಯನೋ ಏನೋ" ಎಂದು ಅವರು ಕೇಳಿದಾಗ, ನಿಮ್ಮಷ್ಟು ಜವಾಬ್ದಾರಿ ಇರುವವರು ಅಪರೂಪ ಎಂದುಬಿಟ್ಟೆ. ಅದು ನನ್ನ ತಪ್ಪು. ಮರುದಿನ ಅವರು ಫೋನ್ ಮಾಡಿ, ಆ ಮಾತನ್ನು ಮನಸಾರೆ ಹೇಳಿದಿರಾ, ಸಮಾಧಾನಕ್ಕೆ ಹೇಳಿದಿರಾ ಎಂದು ಕೇಳಿದರು. ನಾನಾಡಿದ ಮಾತೂ ಅವರ ತಕ್ಕಡಿಯ ಮೇಲೆ ಎರಡನೆಯ ಸಲ ಏರಿತ್ತು.

ಇಂಥವರ ನೆನಪಿನ ಶಕ್ತಿ ಕೆಟ್ಟಿರುತ್ತದೆ ಎಂದು ಮನೆಯವರು ಭಾವಿಸುವುದುಂಟು. ಆದರೆ 2003ರಲ್ಲಿ ನೆದರ್ಲ್ಯಾಂಡ್ಸ್‌ನ ಸಂಶೋಧಕರು ಆರೋಗ್ಯವಂತರಿಂದ ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದಾಗ, ನೆನಪಿನ ನಿಖರತೆ ಹೆಚ್ಚೇನೂ ಕುಂದಲಿಲ್ಲ. ಕುಂದಿದ್ದು ನೆನಪಿನ ಸ್ಪಷ್ಟತೆ ಮತ್ತು ಅದರ ಮೇಲಿನ ನಂಬಿಕೆ. ಅನುಮಾನ ನೀಗಲೆಂದು ಮಾಡುವ ಪರೀಕ್ಷೆಯೇ ಅನುಮಾನವನ್ನು ಸಾಕುತ್ತದೆ ಎಂಬುದನ್ನು ಇವರಿಗೆ ವಿವರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಏಕೆಂದರೆ ಫೋಟೋ ತೆಗೆಯಲು ಆರಂಭಿಸಿದ ಮೇಲೆ ಭಯ ಇಳಿಯಲಿಲ್ಲ, ಏರಿತು ಎಂದು ಅವರೇ ಹೇಳಿದ್ದರು.

ದಿನಕ್ಕೆ ಎರಡು ಗಂಟೆಗೂ ಹೆಚ್ಚು ಕಾಲ ಇದರಲ್ಲೇ ಕಳೆಯುತ್ತಿದ್ದುದರಿಂದ, ಇದು ಒಂದೇ ಅನುಮಾನ, ಒಂದೇ ಕೆಲಸ ಬಿಡದೆ ಮರುಕಳಿಸುವ ಗೀಳು ಕಾಯಿಲೆ (ಒಸಿಡಿ) ಇರಬಹುದೆಂದು ಮನೋವೈದ್ಯರಲ್ಲಿಗೆ ಕಳುಹಿಸಿದೆ; ವೈದ್ಯರು ಅದನ್ನೇ ಖಚಿತಪಡಿಸಿ ಔಷಧಿಯನ್ನೂ ಆರಂಭಿಸಿದರು. ಹುಚ್ಚರ ಪಟ್ಟಿಗೆ ಸೇರಿಸಿಬಿಡುತ್ತಾರೆಂಬ ಹೆದರಿಕೆಯಿಂದ ಅವರು ಎರಡು ವಾರ ಹಿಂದೇಟು ಹಾಕಿದ್ದರು. ತಡರಾತ್ರಿ ತೀರಾ ಕಷ್ಟವಾದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಕೊಟ್ಟೆ.

ನಾನು ಹೇಳಿದ್ದು ಇಷ್ಟು: ಒಮ್ಮೆ ತೂಗಿಸಿ, ಅಂಕಿಯನ್ನು ಕಾರ್ಮಿಕರಿಗೆ ಕೇಳುವಂತೆ ಕೂಗಿ ಹೇಳಿ ಬರೆಯಿರಿ, ಪುಸ್ತಕವನ್ನು ತೋಟದ ಆಫೀಸಿನಲ್ಲೇ ಬಿಟ್ಟು ಬನ್ನಿ. ಅನುಮಾನ ಬಂದರೆ ಅದಕ್ಕೆ ಉತ್ತರ ಹುಡುಕಬೇಡಿ. ಕಳವಳ ಹತ್ತಕ್ಕೆ ಎಷ್ಟಿದೆ ಎಂದು ಅಂಕ ಕೊಟ್ಟು, ಸಮಯ ಬರೆದಿಟ್ಟು, ಅದು ತಾನಾಗಿ ಇಳಿಯುವುದನ್ನು ಕಾಯಿರಿ. "ಸರಿಯಾಗಿಯೇ ಬರೆದಿರುತ್ತೀರಿ ಬಿಡಿ" ಎಂದು ದಿನವೂ ಹೇಳುತ್ತಿದ್ದ ಪತ್ನಿಗೆ ಆ ಮಾತನ್ನು ನಿಲ್ಲಿಸಲು ಕೇಳಿಕೊಂಡೆ. ಆಕೆಗೆ ಇದು ಗಂಡನಿಗಿಂತಲೂ ಕಷ್ಟವಾಯಿತು.

ಮೊದಲ ರಾತ್ರಿ 9ರಲ್ಲಿದ್ದ ಅಂಕ 4ಕ್ಕೆ ಇಳಿಯಲು ಸುಮಾರು ಮೂರು ಗಂಟೆ ಹಿಡಿಯಿತು. ಮೂರನೆಯ ವಾರದಲ್ಲಿ ಮುಕ್ಕಾಲು ಗಂಟೆ. ರೊಬಸ್ಟಾ ಕೊಯ್ಲಿನ ನಡುವೆ ಒಂದು ಸಂಜೆ ಅವರು ನಿಜವಾಗಿಯೂ ತಪ್ಪು ಅಂಕಿ ಬರೆದರು. ಮರುದಿನ ಕಾರ್ಮಿಕರೊಬ್ಬರು ತೋರಿಸಿದರು, ಇವರು ತಿದ್ದಿ ಸಹಿ ಹಾಕಿದರು. ಅಂದು ರಾತ್ರಿ ಅಂಕ 8ಕ್ಕೆ ಹೋಗಿತ್ತು, ಆಫೀಸಿನ ಕೀಲಿ ಜೇಬಿನಲ್ಲೇ ಇತ್ತು, ಆದರೂ ಮನೆಯಿಂದ ಹೊರಡಲಿಲ್ಲ ಎಂದು ಅವರ ಟಿಪ್ಪಣಿಯಲ್ಲಿದೆ.